ಲೈಪ್ಸಿಗ್ ಸಂತೆಯಲ್ಲಿ ಸಿಕ್ಕ ಎರಡು ಬೆಳ್ಳಿ ನಾಣ್ಯ: ಯಾವ ಮಠದ್ದು, ಯಾವ ಬಿಷಪ್‌ದು?

ಲೈಪ್ಸಿಗ್‌ವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿವಮೊಗ್ಗದ ಕಡೆ, ಈಗ ಮೂರು ವರ್ಷದಿಂದ ಜರ್ಮನಿಯ ಲೈಪ್ಸಿಗ್‌ನಲ್ಲಿದ್ದೇನೆ. ಹಳೇ ನಾಣ್ಯದ ಹುಚ್ಚು ಅಜ್ಜನಿಂದ ಬಂದದ್ದು. ಹೋದ ಭಾನುವಾರ ಇಲ್ಲಿ ಹಳೇ ಸಾಮಾನಿನ ಸಂತೆಗೆ ಹೋಗಿದ್ದಾಗ ಎರಡು ಬೆಳ್ಳಿ ನಾಣ್ಯ ತೆಗೆದುಕೊಂಡೆ. ಮಾರಿದವರಿಗೂ ಜಾಸ್ತಿ ಗೊತ್ತಿರಲಿಲ್ಲ, "ಎರಡೂ ಚರ್ಚಿನವರು ಹೊಡೆಸಿದ ಹಣ" ಅಂದರು ಅಷ್ಟೇ.

ಮೊದಲನೆಯದು ಕಾಗದದಷ್ಟು ತೆಳು. ಅಗಲ 36 ಮಿ.ಮೀ., ತೂಕ 0.84 ಗ್ರಾಂ. ಚಿತ್ರ ಒಂದೇ ಕಡೆ ಇದೆ, ತಿರುಗಿಸಿದರೆ ಅದೇ ಚಿತ್ರ ಗುಳಿಬಿದ್ದ ಹಾಗೆ ಕಾಣುತ್ತದೆ. ನಡುವೆ ದೊಡ್ಡ ಶಿಲುಬೆ. ಅದರ ನಾಲ್ಕು ಸಂದಿಯಲ್ಲಿ ಏನೇನೋ ಗುರುತು, ಒಂದರಲ್ಲಿ ತುದಿ ಬಾಗಿದ ಕೋಲು ಇದ್ದ ಹಾಗಿದೆ. ಅಂಚಿನ ಸುತ್ತ ಅಕ್ಷರ ಇವೆ, ಆದರೆ ಎಷ್ಟು ಓದಿದರೂ ಒಂದು ಪದ ಆಗುತ್ತಿಲ್ಲ.

ಎರಡನೆಯದು ಚಿಕ್ಕದು, ಸ್ವಲ್ಪ ದಪ್ಪ. 18 ಮಿ.ಮೀ., 1.3 ಗ್ರಾಂ. ಒಂದು ಕಡೆ ಶಿಲುಬೆ, ಅದರ ಸಂದಿಗಳಲ್ಲಿ ಒಂದೊಂದು ಅಕ್ಷರ. ಇನ್ನೊಂದು ಕಡೆ ಚರ್ಚಿನ ಚಿತ್ರ, ಮೇಲೆ ಚೂಪು ಮಾಡು.

ಎರಡೂ ಕಪ್ಪಾಗಿವೆ. ಮನೆಯಲ್ಲಿ ಬೆಳ್ಳಿ ದೀಪ ತೊಳೆದ ಹಾಗೆ ಹುಣಸೆಹಣ್ಣು ಹಚ್ಚಿ ತೊಳೆದರೆ ಅಕ್ಷರ ಕಾಣಬಹುದಾ? ಫೋಟೋ ಹಾಕಿದ್ದೇನೆ, ದಯವಿಟ್ಟು ನೋಡಿ.

ಕಾವೇರಿಕಾಸು:

ಚೆನ್ನಾಗಿವೆ! ಬಾಗಿದ ಕೋಲು ಅಂದರೆ ಬಿಷಪ್ ಕೋಲು. ಲೈಪ್ಸಿಗ್ ಹತ್ತಿರ ನೌಮ್‌ಬುರ್ಗ್‌ನಲ್ಲಿ ಬಿಷಪ್ ಇದ್ದರು. ಹಾಗಾಗಿ ಮೊದಲನೆಯದು ನೌಮ್‌ಬುರ್ಗ್ ಬಿಷಪ್‌ದು ಅಂತ ನನ್ನ ಲೆಕ್ಕ. ಎರಡನೆಯದರಲ್ಲಿ ಚರ್ಚೇ ಇದೆ, ಅದು ಯಾವುದೋ ಮಠದ್ದೇ ಇರಬೇಕು.

ಹಳೇಟಂಕ:

ಲೈಪ್ಸಿಗ್‌ವಾಸಿ ಅವರೇ, ಎಲ್ಲಕ್ಕಿಂತ ಮೊದಲು ಒಂದು ಮಾತು. ತೊಳೆಯಬೇಡಿ. ಹುಣಸೆಹಣ್ಣು ಬೇಡ, ಟೂತ್‌ಪೇಸ್ಟ್ ಬೇಡ, ಬಟ್ಟೆಯಲ್ಲಿ ಉಜ್ಜುವುದೂ ಬೇಡ. ತೆಳು ನಾಣ್ಯವನ್ನಂತೂ ಎರಡು ಬೆರಳ ನಡುವೆ ಒತ್ತಿ ಹಿಡಿಯಲೇಬೇಡಿ, ಅಂಚು ಹಿಡಿದು ಅಂಗೈ ಮೇಲೆ ಇಡಿ. ಇಂಥದ್ದು ಒಮ್ಮೆ ಬಿರುಕು ಬಿಟ್ಟರೆ ಮುಗಿಯಿತು.

ಇದಕ್ಕೆ ಈಗ ಬ್ರಾಕ್ಟಿಯೇಟ್ ಅಂತ ಹೆಸರು. ತೆಳು ತಗಡು ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಹೆಸರಿಟ್ಟವರು ಬಹಳ ಕಾಲದ ನಂತರದ ವಿದ್ವಾಂಸರು. ಆ ಕಾಲದ ಜನಕ್ಕೆ ಇದು ಸುಮ್ನೆ ಫೆನ್ನಿಗ್, ದಿನನಿತ್ಯದ ಕಾಸು. ಬೆಳ್ಳಿ ತಗಡನ್ನು ಚರ್ಮದಂಥ ಮೆತ್ತನೆಯ ವಸ್ತುವಿನ ಮೇಲಿಟ್ಟು ಮೇಲಿನಿಂದ ಒಂದೇ ಅಚ್ಚಿನಲ್ಲಿ ಹೊಡೆಯುತ್ತಿದ್ದರು, ಅದಕ್ಕೇ ಹಿಂದೆ ಗುಳಿ. ಸುಮಾರು 1130ರಿಂದ ಥುರಿಂಗಿಯಾ, ಮೈಸನ್, ಹಾರ್ಟ್ಸ್ ಬೆಟ್ಟದ ಸುತ್ತ ಇದು ಶುರುವಾಯಿತು. ಹಾಗಾಗಿ ನಿಮ್ಮ ನಾಣ್ಯ ಅದಕ್ಕಿಂತ ಹಳೇದಲ್ಲ ಅನ್ನುವುದು ಈಗಲೇ ಖಚಿತ.

ಕಾವೇರಿಕಾಸು ಅವರೇ, ನಿಮ್ಮ ಎರಡೂ ಉತ್ತರ ನಾನು ಒಪ್ಪುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮೊದಲು ಹೀಗೇ ಯೋಚಿಸುತ್ತಿದ್ದೆ. ಬಾಗಿದ ಕೋಲು ಬಿಷಪ್‌ಗೆ ಮಾತ್ರ ಅಲ್ಲ, ಮಠಾಧಿಪತಿಗೂ ಇರುತ್ತದೆ, ಸನ್ಯಾಸಿನಿಯರ ಮಠದ ಒಡತಿಗೂ ಇರುತ್ತದೆ. ನೌಮ್‌ಬುರ್ಗ್ ಕೆಥೆಡ್ರಲ್ ಸಂತ ಪೀಟರ್ ಮತ್ತು ಸಂತ ಪೌಲರದ್ದು, ಹಾಗಾಗಿ ಅಲ್ಲಿನ ನಾಣ್ಯವಾದರೆ ನಾನು ಮೊದಲು ಹುಡುಕುವುದು ಆ ಇಬ್ಬರ ಗುರುತಾದ ಬೀಗದ ಕೈ (ಪೀಟರ್) ಮತ್ತು ಕತ್ತಿ (ಪೌಲ್). ಎರಡನೇ ನಾಣ್ಯದ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಚರ್ಚಿನ ಚಿತ್ರ ಇರುವುದಕ್ಕೇ ಅದು ಚರ್ಚಿನ ನಾಣ್ಯ ಅಂದುಕೊಂಡು ಮೋಸ ಹೋಗುವವರು ತುಂಬಾ ಜನ.

ಬೆಳ್ಳಿಚೂರು:

ಒಂದು ಪ್ರಶ್ನೆ. ಮಠದವರಿಗೆ ನಾಣ್ಯ ಹೊಡೆಸುವ ಹಕ್ಕು ಎಲ್ಲಿಂದ ಬಂತು? ಅದು ರಾಜನ ಕೆಲಸ ಅಲ್ವಾ?

ಹಳೇಟಂಕ:

ಹೌದು, ಮೂಲದಲ್ಲಿ ರಾಜನದ್ದೇ. ಫ್ರಾಂಕರ ದೊರೆ ಶಾರ್ಲ್‌ಮೇನ್ ಕಾಲದಿಂದ ಒಂದು ಪೌಂಡ್ ಬೆಳ್ಳಿಗೆ 240 ಫೆನ್ನಿಗ್ ಅನ್ನುವ ಲೆಕ್ಕ ಇತ್ತು, ಟಂಕಸಾಲೆ ರಾಜನ ಕೈಯಲ್ಲಿತ್ತು. ಆಮೇಲೆ ರಾಜರು ಈ ಹಕ್ಕನ್ನು ಒಬ್ಬೊಬ್ಬರಿಗೆ ಬಿಟ್ಟುಕೊಡುತ್ತಾ ಬಂದರು. ವೆಸರ್ ನದಿ ದಂಡೆಯ ಕೊರ್ವೈ ಮಠಕ್ಕೆ 833ರಲ್ಲೇ ಸಿಕ್ಕಿತು, ಕೊಟ್ಟವನು ಶಾರ್ಲ್‌ಮೇನ್‌ನ ಮಗ ಲೂಯಿ. ಕ್ವೆಡ್ಲಿನ್‌ಬುರ್ಗ್ ಸನ್ಯಾಸಿನಿಯರ ಮಠಕ್ಕೆ ಜರ್ಮನಿಯ ರಾಜ ಮೂರನೇ ಓಟ್ಟೋ 994ರಲ್ಲಿ ಸಂತೆ, ಸುಂಕ, ಟಂಕಸಾಲೆ ಮೂರನ್ನೂ ಒಟ್ಟಿಗೆ ಕೊಟ್ಟ. ಈ ಮೂರೂ ಜೊತೆಗೇ ಬರುವುದಕ್ಕೆ ಕಾರಣ ಇದೆ. ಸಂತೆ ನಡೆದರೆ ಕಾಸು ಬೇಕು, ಕಾಸು ಬದಲಾಯಿಸಿದರೆ ಲಾಭ, ಸರಕು ಬಂದರೆ ಸುಂಕ. ಕೊನೆಗೆ 1220ರಲ್ಲಿ ರಾಜ ಎರಡನೇ ಫ್ರೆಡ್ರಿಕ್, ಚರ್ಚಿನ ಪ್ರಭುಗಳ ಒಪ್ಪಿಗೆ ಇಲ್ಲದೆ ಅವರ ನೆಲದಲ್ಲಿ ಹೊಸ ಟಂಕಸಾಲೆ ಹಾಕುವುದಿಲ್ಲ ಅಂತ ಬರೆದೇ ಕೊಟ್ಟ. ಅಷ್ಟು ಹೊತ್ತಿಗೆ ದೊಡ್ಡ ಬಿಷಪ್‌ಗಳೆಲ್ಲ ಪೂರಾ ದೊರೆಗಳೇ ಆಗಿದ್ದರು.

ಬೆಳ್ಳಿಚೂರು:

ಕಾಸು ಬದಲಾಯಿಸಿದರೆ ಲಾಭ ಅಂದರೆ ಹೇಗೆ?

ಹಳೇಟಂಕ:

ಇದು ಅರ್ಥವಾದರೆ ಬ್ರಾಕ್ಟಿಯೇಟ್‌ನಲ್ಲಿ ಯಾಕೆ ಇಷ್ಟೊಂದು ಬಗೆ ಅನ್ನುವುದೂ ಅರ್ಥವಾಗುತ್ತದೆ. ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ವಿಖ್‌ಮನ್, 1152ರಿಂದ 1192ರವರೆಗೆ ಇದ್ದವರು, ವರ್ಷಕ್ಕೆ ಎರಡು ಸಲ ಹಳೇ ನಾಣ್ಯ ರದ್ದು ಮಾಡುತ್ತಿದ್ದರು. ಜನ 12 ಹಳೇ ಕಾಸು ತಂದು ಕೊಟ್ಟರೆ 9 ಹೊಸದು ಸಿಗುತ್ತಿತ್ತು. ಅಂದರೆ ಕಾಲು ಭಾಗ ತೆರಿಗೆ. ಹಳೇದು ಯಾವುದು, ಹೊಸದು ಯಾವುದು ಅಂತ ಓದು ಬಾರದ ರೈತನಿಗೂ ತಿಳಿಯಬೇಕು, ಹಾಗಾಗಿ ಪ್ರತಿ ಸಲ ಚಿತ್ರ ಬದಲು. ಕೆಲವೇ ತಿಂಗಳು ಬಾಳಬೇಕಾದ ನಾಣ್ಯ ತೆಳುವಾಗಿದ್ದರೂ ನಡೆಯುತ್ತಿತ್ತು. ಚಿಲ್ಲರೆ ಬೇಕಾದರೆ ಕತ್ತರಿಸಿ ಅರ್ಧ ಮಾಡುತ್ತಿದ್ದರು.

ನನಗೆ ಈ ವಿಷಯದಲ್ಲಿ ಎರಡು ಥರ ಅನ್ನಿಸುತ್ತದೆ. ಜನಕ್ಕೆ ಅದು ದೊಡ್ಡ ಹೊರೆ. ಆದರೆ ಹೊಸ ಹೊಸ ಅಚ್ಚು ಬೇಕಾದ್ದರಿಂದಲೇ ಒಳ್ಳೆಯ ಕೆತ್ತನೆಗಾರರಿಗೆ ಕೆಲಸ ಸಿಕ್ಕಿತು, 12ನೇ ಶತಮಾನದ ಹಾಲ್ಬರ್‌ಸ್ಟಾಟ್ ಬ್ರಾಕ್ಟಿಯೇಟ್‌ಗಳಷ್ಟು ಚಂದದ ಬೆಳ್ಳಿ ಕೆಲಸ ನಾನು ಬೇರೆ ಕಂಡಿಲ್ಲ. ಸಂತ ಸ್ಟೀಫನ್‌ರನ್ನು ಕಲ್ಲು ಹೊಡೆದು ಕೊಲ್ಲುವ ಇಡೀ ದೃಶ್ಯವನ್ನು ಒಂದು ಬೆಳ್ಳಿ ತಗಡಿನಲ್ಲಿ ತಂದಿದ್ದಾರೆ.

ತಲಕಾಡುಗೊಂಡ:

ನಾನು ಮೈಸೂರಿನವನು, ನನ್ನ ಆಸಕ್ತಿ ಹೊಯ್ಸಳ ನಾಣ್ಯ. ಜರ್ಮನಿಯದ್ದು ಏನೂ ಗೊತ್ತಿಲ್ಲ, ಆದರೂ ಈ ಚರ್ಚೆ ಓದುತ್ತಾ ಕೂತೆ. ಇದೇ ಕಾಲದಲ್ಲಿ ನಮ್ಮ ವಿಷ್ಣುವರ್ಧನ ಚಿನ್ನದ ನಾಣ್ಯದ ಮೇಲೆ "ಶ್ರೀ ತಳಕಾಡುಗೊಂಡ" ಅಂತ ಕನ್ನಡದಲ್ಲೇ ಬರೆಸಿದ್ದ. ಓದಿದರೆ ಸಾಕು, ಯಾರದ್ದು ಅಂತ ಗೊತ್ತಾಗುತ್ತದೆ. ಇಲ್ಲಿ ಅಕ್ಷರ ಇದ್ದೂ ಓದಲು ಆಗುತ್ತಿಲ್ಲ ಅಂದರೆ ಏನರ್ಥ? ಸವೆದು ಹೋಗಿದೆಯಾ?

ಹಳೇಟಂಕ:

ಸವೆತವೂ ಇರಬಹುದು, ಆದರೆ ಎಷ್ಟೋ ಸಲ ಅಚ್ಚು ಕೆತ್ತಿದವನಿಗೇ ಓದು ಬರುತ್ತಿರಲಿಲ್ಲ ಸರ್. ಅಕ್ಷರ ತಲೆಕೆಳಗು, ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದು, ಅಥವಾ ಬರೀ ಗೆರೆ ಮತ್ತು ಸುತ್ತು. ಅದಕ್ಕೇ ನಾನು ಹೊಸಬರಿಗೆ ಯಾವಾಗಲೂ ಹೇಳುವುದು: ಮೊದಲು ತೂಕ ಮತ್ತು ಅಗಲ ನೋಡಿ, ಆಮೇಲೆ ಚಿತ್ರ ಓದಿ, ಅಕ್ಷರಕ್ಕೆ ಕೊನೆಯಲ್ಲಿ ಬನ್ನಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಮೂರು ಅಕ್ಷರ ಹಿಡಿದುಕೊಂಡು ಒಂದು ವಾರ ಹುಡುಕುತ್ತಾರೆ.

ಅಕ್ಷರ ಸರಿಯಾಗಿ ಓದಿದರೂ ಅದು ಹೊಡೆಸಿದವರ ಹೆಸರೇ ಅನ್ನುವ ಭರವಸೆ ಇಲ್ಲ. ವ್ಯುರ್ಟ್ಸ್‌ಬುರ್ಗ್‌ನಲ್ಲಿ ಬ್ರೂನೋ ಅನ್ನುವ ಬಿಷಪ್ ಇದ್ದರು. ತಮ್ಮ ಹೆಸರಿನ ಅಕ್ಷರಗಳನ್ನು ಹೆಣೆದು ಒಂದು ಗುರುತು ಮಾಡಿ ನಾಣ್ಯಕ್ಕೆ ಹಾಕಿಸಿದರು. ಅವರು 1045ರಲ್ಲಿ ತೀರಿಕೊಂಡರು. ಆದರೆ ಆ ಗುರುತು ಎಷ್ಟು ಪರಿಚಿತವಾಗಿತ್ತೆಂದರೆ ಮುಂದಿನ ಬಿಷಪ್‌ಗಳು ಬಹಳ ಕಾಲ ಅದನ್ನೇ ಹಾಕುತ್ತಾ ಹೋದರು. ಕೊಲೋನ್‌ದೂ ಇದೇ ಕಥೆ. "ಸಾಂಕ್ತಾ ಕೊಲೋನಿಯ" ಅಂತ ಮೂರು ಸಾಲಿನಲ್ಲಿ ಬರೆದ ಫೆನ್ನಿಗ್‌ಗೆ ಎಲ್ಲ ಕಡೆ ಬೆಲೆ ಇದ್ದದ್ದರಿಂದ ವೆಸ್ಟ್‌ಫಾಲಿಯಾ ಕಡೆಯ ಟಂಕಸಾಲೆಗಳು ಅದನ್ನು ನೋಡಿಕೊಂಡು ಹೊಡೆದವು. ಮೇಲೆ ಕೊಲೋನ್ ಅಂತ ಇದೆ, ಕೊಲೋನ್‌ದಲ್ಲ.

ಬೊಡೆನ್‌ಸೀ ದಂಡೆ:

ಎಲ್ಲರಿಗೂ ನಮಸ್ಕಾರ, ನಾನು ಕೊನ್‌ಸ್ಟಾಂಟ್ಸ್ ಪಕ್ಕದ ಊರಿನಲ್ಲಿದ್ದೇನೆ. ಚಿತ್ರ ಓದಿ ಅಂದಿದ್ದಕ್ಕೆ ನಮ್ಮ ಬೊಡೆನ್‌ಸೀ ಕೆರೆಯ ಸುತ್ತಲಿನದ್ದು ಹೇಳುತ್ತೇನೆ. (ಕೆರೆ ಅಂದೆ, ಆದರೆ ಈ ದಡದಿಂದ ಆ ದಡ ಮಂಜಿನಲ್ಲಿ ಕಾಣುವುದೇ ಇಲ್ಲ.) 1240ರಲ್ಲಿ ಕೊನ್‌ಸ್ಟಾಂಟ್ಸ್ ಬಿಷಪ್ ಸುತ್ತಲಿನ ಟಂಕಸಾಲೆಗಳಿಗೆಲ್ಲ ಒಂದು ನಿಯಮ ತಂದರು. ತೂಕ ಒಂದೇ ಇರಬೇಕು, ಚಿತ್ರ ಬೇರೆ ಇರಬೇಕು. ಕೊನ್‌ಸ್ಟಾಂಟ್ಸ್‌ಗೆ ಬಿಷಪ್ ತಲೆ, ಸಾಂಕ್ಟ್ ಗಾಲೆನ್ ಮಠಕ್ಕೆ ಕುರಿಮರಿ, ಲಿಂಡಾವ್‌ಗೆ ಲಿಂಡನ್ ಮರ. ಲಿಂಡಾವ್ ಅನ್ನುವ ಹೆಸರಿನಲ್ಲೇ ಆ ಮರ ಇದೆ ನೋಡಿ. ಅಕ್ಷರವೇ ಬೇಕಿಲ್ಲ. ಇವು ಚಿಕ್ಕವು, ಅರ್ಧ ಗ್ರಾಂಗೂ ಕಮ್ಮಿ. ಪೂರ್ತಿ ದುಂಡಗಿರುವುದಿಲ್ಲ, ನಾಲ್ಕು ಮೂಲೆ ಎಳೆದ ಹಾಗಿರುತ್ತವೆ. ಅಂಚಿಗೆ ಮುತ್ತಿನ ಸಾಲು. ನನ್ನ ಹತ್ತಿರ ಒಂದು ಕುರಿಮರಿ ಇದೆ, ಮಗಳಿಗೆ ಅದನ್ನು ನೋಡುವುದೆಂದರೆ ಪ್ರಾಣ.

ಲೈಪ್ಸಿಗ್‌ವಾಸಿಯವರ ನಾಣ್ಯ 36 ಮಿ.ಮೀ. ಇದೆ, ಹಾಗಾಗಿ ನಮ್ಮ ಕಡೆಯದ್ದಲ್ಲವೇ ಅಲ್ಲ.

ಕಾವೇರಿಕಾಸು:

ಸರಿ, ಒಪ್ಪಿದೆ. ಹಾಗಾದರೆ ಮನುಷ್ಯರ ಚಿತ್ರ ಇದ್ದಾಗ ಬಿಷಪ್ ಯಾರು, ಮಠಾಧಿಪತಿ ಯಾರು ಅಂತ ಬೇರ್ಪಡಿಸುವುದು ಹೇಗೆ? ನನಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಹಳೇಟಂಕ:

ತಲೆ ನೋಡಿ, ಆಮೇಲೆ ಕೈ ನೋಡಿ. ತಲೆಯ ಮೇಲೆ ಎರಡು ಕೊಂಬಿನ ಟೊಪ್ಪಿ ಇದ್ದರೆ ಹೆಚ್ಚಾಗಿ ಬಿಷಪ್. ಬರಿದಲೆ, ನಡುವೆ ಬೋಳಿಸಿದ ಕೂದಲು, ಕೈಯಲ್ಲಿ ಬಾಗಿದ ಕೋಲು ಇದ್ದರೆ ಮಠಾಧಿಪತಿ ಇರುವ ಸಾಧ್ಯತೆ ಜಾಸ್ತಿ. ಆದರೆ ಫುಲ್ಡದಂಥ ದೊಡ್ಡ ಮಠದ ಒಡೆಯರಿಗೆ ಪೋಪ್ ಬಿಷಪ್ ಟೊಪ್ಪಿ ಹಾಕುವ ಹಕ್ಕು ಕೊಟ್ಟಿದ್ದರು, ಹಾಗಾಗಿ ಟೊಪ್ಪಿಯೊಂದನ್ನೇ ನಂಬಬೇಡಿ. ತಲೆಯ ಮೇಲೆ ಸೆರಗಿನಂಥ ಬಟ್ಟೆ, ಕೈಯಲ್ಲಿ ಪುಸ್ತಕ ಮತ್ತು ಲಿಲ್ಲಿ ಹೂವಿನ ದಂಡ ಇದ್ದರೆ ಅದು ಮಠದ ಒಡತಿ. ಕ್ವೆಡ್ಲಿನ್‌ಬುರ್ಗ್‌ನ ಎರಡನೇ ಬೆಯಾಟ್ರಿಕ್ಸ್, ಎರಡನೇ ಆಗ್ನೆಸ್ ಅವರ ನಾಣ್ಯ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಒಬ್ಬ ಹೆಂಗಸು ಪೀಠದ ಮೇಲೆ ಕೂತು ತನ್ನ ಹೆಸರಿನಲ್ಲಿ ಹಣ ಹೊಡೆಸಿದ್ದು, ಅದೂ 12ನೇ ಶತಮಾನದಲ್ಲಿ.

ಟೊಪ್ಪಿಯಿಂದ ಕಾಲವೂ ತಿಳಿಯುತ್ತದೆ. ಮೊದಮೊದಲು ಅದರ ಎರಡು ಕೊಂಬು ಕಿವಿಯ ಕಡೆ, ಎಡಕ್ಕೊಂದು ಬಲಕ್ಕೊಂದು ಇರುತ್ತಿದ್ದವು. 12ನೇ ಶತಮಾನ ಮುಂದುವರಿದ ಹಾಗೆ ಟೊಪ್ಪಿ ತಿರುಗಿ ಒಂದು ತುದಿ ಹಣೆಯ ಮೇಲೆ, ಇನ್ನೊಂದು ಹಿಂದಕ್ಕೆ ಬಂತು.

ಆಮೇಲೆ ಸಂತರು. ಪ್ರತಿ ಊರಿಗೂ ಒಬ್ಬ ಕಾಯುವ ಸಂತ ಇದ್ದಾರೆ, ನಮ್ಮಲ್ಲಿ ಊರದೇವರು ಇದ್ದ ಹಾಗೆ. ಯೋಧನ ವೇಷದ ಮೌರೀಸ್ ಇದ್ದರೆ ಮಾಗ್ಡೆಬುರ್ಗ್. ಸ್ಟೀಫನ್ ಇದ್ದರೆ ಹಾಲ್ಬರ್‌ಸ್ಟಾಟ್. ಕಿಲಿಯನ್ ಇದ್ದರೆ ವ್ಯುರ್ಟ್ಸ್‌ಬುರ್ಗ್. ಮಾರ್ಟಿನ್ ಇದ್ದರೆ ಮೈನ್ಸ್ ಆರ್ಚ್‌ಬಿಷಪ್, ಆದರೆ ಬ್ರಾಕ್ಟಿಯೇಟ್ ಆದರೆ ಹೆಚ್ಚಾಗಿ ಹೊಡೆದದ್ದು ಮೈನ್ಸ್‌ನಲ್ಲಲ್ಲ, ಅವರದ್ದೇ ಆದ ಎರ್‌ಫುರ್ಟ್ ಟಂಕಸಾಲೆಯಲ್ಲಿ. ಬೀಗದ ಕೈ ಮಾತ್ರ ತಲೆನೋವು. ಸಂತ ಪೀಟರ್ ಟ್ರಿಯರ್‌ಗೂ ಬೇಕು, ವೋರ್ಮ್ಸ್‌ಗೂ ಬೇಕು, ಬ್ರೆಮೆನ್‌ಗೂ ಬೇಕು, ರೆಗೆನ್ಸ್‌ಬುರ್ಗ್‌ಗೂ ಬೇಕು.

ಲೈಪ್ಸಿಗ್‌ವಾಸಿ:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನದರಲ್ಲಿ ಮನುಷ್ಯರೂ ಇಲ್ಲ, ಸಂತರೂ ಇಲ್ಲ, ಬರೀ ಶಿಲುಬೆ. ಈಗ ಏನು ಮಾಡಲಿ?

ಹಳೇಟಂಕ:

ರಾತ್ರಿ ಕೋಣೆಯ ದೀಪ ಆರಿಸಿ. ಟೇಬಲ್ ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ ಪಕ್ಕದಿಂದ ಬೆಳಕು ಬೀಳುವ ಹಾಗೆ ಮಾಡಿ. ಫ್ಲ್ಯಾಶ್ ಬೇಡವೇ ಬೇಡ. ನಾಣ್ಯ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕು ಫೋಟೋ ತೆಗೆಯಿರಿ. ಬ್ರಾಕ್ಟಿಯೇಟ್‌ನಲ್ಲಿ ಉಬ್ಬು ಇರುವುದರಿಂದ ನೆರಳಿನಲ್ಲೇ ಎಲ್ಲ ಗೊತ್ತಾಗುತ್ತದೆ. ಹಿಂಬದಿಯದ್ದೂ ತೆಗೆಯಿರಿ. ಎಷ್ಟೋ ಸಲ ಮುಂದೆ ಸವೆದಿದ್ದು ಹಿಂದಿನ ಗುಳಿಯಲ್ಲಿ ಚೆನ್ನಾಗಿ ಉಳಿದಿರುತ್ತದೆ.

ಅಷ್ಟರಲ್ಲಿ ಎರಡನೇ ನಾಣ್ಯದ ವಿಷಯ ಮುಗಿಸುತ್ತೇನೆ. ಶಿಲುಬೆಯ ಸಂದಿಯಲ್ಲಿರುವ ನಾಲ್ಕು ಅಕ್ಷರ ಓ, ಡಿ, ಡಿ, ಓ. ಓಡ್ಡೋ, ಅಂದರೆ ಓಟ್ಟೋ ಅನ್ನುವ ರಾಜನ ಹೆಸರು. ಚರ್ಚಿನ ಸುತ್ತ ಇರುವುದು ಅಡೆಲ್‌ಹೈಡ್ ಅನ್ನುವ ಹೆಸರು, ಅಕ್ಷರ ಅಡ್ಡಾದಿಡ್ಡಿ ಆಗಿದೆ. ಇದು ಓಟ್ಟೋ-ಅಡೆಲ್‌ಹೈಡ್ ಫೆನ್ನಿಗ್, ತುಂಬಾ ಪ್ರಸಿದ್ಧ. ಮೂರನೇ ಓಟ್ಟೋ ಚಿಕ್ಕ ಹುಡುಗನಾಗಿದ್ದಾಗ ಅಜ್ಜಿ ಅಡೆಲ್‌ಹೈಡ್ ಅವನ ಪರವಾಗಿ ರಾಜ್ಯ ನಡೆಸಿದ್ದರು. ಬೆಳ್ಳಿ ಬಂದದ್ದು ಗೋಸ್ಲಾರ್ ಪಕ್ಕದ ರಾಮೆಲ್ಸ್‌ಬೆರ್ಗ್ ಗಣಿಯಿಂದ. ಅಂದರೆ ಚಿತ್ರದಲ್ಲಿ ಚರ್ಚು ಇದ್ದರೂ ನಾಣ್ಯ ರಾಜಮನೆತನದ್ದು. ಮಠದ್ದಲ್ಲ, ಬಿಷಪ್‌ದಲ್ಲ.

ಕಾವೇರಿಕಾಸು:

ಅಜ್ಜಿ ಹೆಸರು ಇರುವುದರಿಂದ ಅಜ್ಜಿ ಕಾಲದ್ದು, 991ರಿಂದ 994 ಅಂತ ಬರೆದುಕೊಳ್ಳಬಹುದಾ?

ಹಳೇಟಂಕ:

ಬೇಡ. ಈ ಮಾದರಿ ಸುಮಾರು 1040ರವರೆಗೂ ಹೊಡೆಯುತ್ತಾ ಬಂದರು. ಓಟ್ಟೋನೂ ಹೋದ, ಅಜ್ಜಿಯೂ ಹೋದರು, ಹೆಸರು ಮಾತ್ರ ನಾಣ್ಯದ ಮೇಲೆ ಉಳಿಯಿತು. ಬ್ರೂನೋ ಕಥೆಯ ಹಾಗೇ. ಜರ್ಮನ್ ವಿದ್ವಾಂಸ ಹರ್ಮನ್ ಡಾನೆನ್‌ಬೆರ್ಗ್ 1876ರಿಂದ ಈ ಕಾಲದ ನಾಣ್ಯಗಳ ದೊಡ್ಡ ಪಟ್ಟಿ ಮಾಡಿದರು, ಇವತ್ತಿಗೂ ಮಾರುವವರು ಅವರ ಸಂಖ್ಯೆಯನ್ನೇ ಹೇಳುತ್ತಾರೆ. ಆ ಸಂಖ್ಯೆ ಹುಡುಕಿ ಚೀಟಿ ಮೇಲೆ ಬರೆಯಿರಿ. ಅಂಚಿನಲ್ಲಿ ಚಾಕುವಿನ ತುದಿ ತಾಗಿಸಿದಂಥ ಸಣ್ಣ ಗಾಯ ಇದ್ದರೆ ಅದನ್ನೂ ಬರೆಯಿರಿ. ಇಂಥ ಫೆನ್ನಿಗ್‌ಗಳು ಸಾವಿರಗಟ್ಟಲೆ ಸಿಕ್ಕಿರುವುದು ಜರ್ಮನಿಯಲ್ಲಲ್ಲ, ಸ್ವೀಡನ್‌ನ ಗಾಟ್ಲೆಂಡ್ ದ್ವೀಪ ಮತ್ತು ಪೋಲೆಂಡ್ ಕಡೆ ಹೂತಿಟ್ಟ ಗಂಟುಗಳಲ್ಲಿ. ಅಲ್ಲಿಯ ವ್ಯಾಪಾರಿಗಳು ಬೆಳ್ಳಿ ಅಸಲಿಯಾ ಅಂತ ಚುಚ್ಚಿ ನೋಡುತ್ತಿದ್ದರು.

ಬೆಳ್ಳಿಚೂರು:

ಅಸಲಿ ಅಂದಿದ್ದಕ್ಕೆ ನೆನಪಾಯಿತು. ಬ್ರಾಕ್ಟಿಯೇಟ್‌ನಲ್ಲಿ ನಕಲಿ ಇಲ್ವಾ?

ಹಳೇಟಂಕ:

ಇವೆ, ಅದೂ ಹಳೇ ನಕಲಿ. 18ನೇ ಶತಮಾನದಲ್ಲಿ ಹಾನೋವರ್‌ನಲ್ಲಿ ನಿಕೊಲಾಸ್ ಸೀಲೆಂಡರ್ ಅನ್ನುವ ತಾಮ್ರದ ಕೆತ್ತನೆಗಾರ ಇದ್ದ. ಕೈ ತುಂಬಾ ಚೆನ್ನಾಗಿತ್ತು. ತಾನೇ ಕಲ್ಪಿಸಿಕೊಂಡು ಬ್ರಾಕ್ಟಿಯೇಟ್ ಮಾಡಿಬಿಟ್ಟ. ಅವನ ನಾಣ್ಯದಲ್ಲಿ ಅಕ್ಷರ ಸಲೀಸಾಗಿ ಓದಲು ಬರುತ್ತದೆ, ಸಂಗ್ರಾಹಕರಿಗೆ ಬೇಕಾದ ಹೆಸರೇ ಇರುತ್ತದೆ. ನಿಮ್ಮ ನಾಣ್ಯದ ಅಕ್ಷರ ಓದಲಾಗದೆ ಇರುವುದು ನನಗೆ ಒಂಥರಾ ಸಮಾಧಾನ ಕೊಡುತ್ತದೆ.

ಲೈಪ್ಸಿಗ್‌ವಾಸಿ:

ಹೇಳಿದ ಹಾಗೇ ಮಾಡಿದೆ, ಹೊಸ ಫೋಟೋ ಹಾಕಿದ್ದೇನೆ. ಹಿಂದಿನ ಕಡೆಯಿಂದ ನಿಜವಾಗಲೂ ಚೆನ್ನಾಗಿ ಕಾಣುತ್ತಿದೆ! ಒಂದು ಸಂದಿಯಲ್ಲಿ ಬಾಗಿದ ಕೋಲು ಇರುವುದು ಖಂಡಿತ. ಉಳಿದ ಮೂರರಲ್ಲಿ ಗುಂಡು ಮತ್ತು ಚಿಕ್ಕ ಶಿಲುಬೆಯಂಥದ್ದು. ಕತ್ತಿ ಇಲ್ಲ, ಬೀಗದ ಕೈ ಇಲ್ಲ. ಅಂಚಿನಲ್ಲಿ ಒಂದು ಕಡೆ ಎ, ಬಿ, ಬಿ ಅಂತ ಓದಬಹುದು, ಉಳಿದದ್ದು ಬರೀ ಗೆರೆ.

ಹಳೇಟಂಕ:

ಸಿಕ್ಕಿತು. ಇದು ಪೆಗಾವ್.

ಅಗಲವಾದ ತೆಳು ಬ್ರಾಕ್ಟಿಯೇಟ್, ಇಡೀ ಜಾಗ ತುಂಬಿದ ಶಿಲುಬೆ, ಸಂದಿಗಳಲ್ಲಿ ಗುರುತು, ಸುತ್ತ ಅರ್ಧಂಬರ್ಧ ಅಕ್ಷರ. ಪೆಗಾವ್ ಬೆನೆಡಿಕ್ಟೈನ್ ಮಠದ ನಾಣ್ಯದ ಲಕ್ಷಣ ಇದೇ. ಬಾಗಿದ ಕೋಲು ಮಠಾಧಿಪತಿಯದ್ದು. ಎ, ಬಿ, ಬಿ ಅನ್ನುವುದು ಅಬ್ಬಾಸ್, ಅಂದರೆ ಮಠಾಧಿಪತಿ ಅನ್ನುವ ಪದದ ಮೊದಲ ಭಾಗ ಅಂತ ತೆಗೆದುಕೊಳ್ಳಬಹುದು. ನಾನು ಆ ಮೂರು ಅಕ್ಷರ ಇಲ್ಲದಿದ್ದರೂ ಇದೇ ಹೇಳುತ್ತಿದ್ದೆ.

ಈ ನಾಣ್ಯಗಳನ್ನು ಹೆಚ್ಚಾಗಿ ಜೀಗ್‌ಫ್ರೀಡ್ ಅನ್ನುವ ಮಠಾಧಿಪತಿಯ ಹೆಸರಿಗೆ ಹಾಕುತ್ತಾರೆ. ಅವರು 1185ರಿಂದ 1223ರವರೆಗೆ ಇದ್ದವರು. ನೀವು ಚೀಟಿಯಲ್ಲಿ "ಪೆಗಾವ್ ಮಠ, ಸುಮಾರು 1200" ಅಂತ ಬರೆಯಿರಿ, ಸಾಕು. ಈ ಶಿಲುಬೆಯ ಮಾದರಿಯನ್ನು ಸುತ್ತಲಿನ ಒಡೆಯರೂ ಬಳಸಿದ್ದಾರೆ, ಹಾಗಾಗಿ ಕೋಲು ಇರುವುದು ನಿಮ್ಮ ಅದೃಷ್ಟ. ಕೆನೋಮ್ ಅನ್ನುವ ಜಾಲತಾಣದಲ್ಲಿ ಜರ್ಮನ್ ಮ್ಯೂಸಿಯಂಗಳ ನಾಣ್ಯದ ಫೋಟೋ ಪುಕ್ಕಟೆ ನೋಡಬಹುದು. ಪೆಗಾವ್ ಅಂತ ಹುಡುಕಿ ಒಂದೊಂದೇ ಪಕ್ಕದಲ್ಲಿಟ್ಟು ಹೋಲಿಸಿ. ಸಂದಿಯ ನಾಲ್ಕೂ ಗುರುತು ಅದೇ ಸಾಲಿನಲ್ಲಿ ಹೊಂದಬೇಕು, ಮೂರು ಹೊಂದಿದರೆ ಅದು ಬೇರೆ ಬಗೆ.

ಕಾವೇರಿಕಾಸು:

ಈ ಸಲ ನಾನು ಪೂರ್ತಿ ತಪ್ಪು, ಆದರೆ ಇಷ್ಟು ಕಲಿತೆ ಅಂತ ಖುಷಿ ಇದೆ. ಮೈನ್ಸ್ ಟಂಕಸಾಲೆ ಎರ್‌ಫುರ್ಟ್‌ನಲ್ಲಿ ಇತ್ತು ಅನ್ನುವುದಂತೂ ನನಗೆ ಹೊಸದು. ನನ್ನ ಹತ್ತಿರ ಇರುವ ಒಂದರ ಚೀಟಿ ಈಗಲೇ ತಿದ್ದುತ್ತೇನೆ.

ಬೆಳ್ಳಿಚೂರು:

ಪೆಗಾವ್ ಎಲ್ಲಿದೆ?

ಲೈಪ್ಸಿಗ್‌ವಾಸಿ:

ಅದನ್ನೇ ಹೇಳಲು ಬಂದೆ. ಲೈಪ್ಸಿಗ್‌ನಿಂದ ತೆಂಕಣಕ್ಕೆ, ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ! ಮೂರು ವರ್ಷದಿಂದ ಆ ಹೆಸರು ಸ್ಟೇಷನ್ ಬೋರ್ಡಿನಲ್ಲಿ ನೋಡುತ್ತಲೇ ಇದ್ದೇನೆ, ಒಂದು ದಿನವೂ ಇಳಿದಿರಲಿಲ್ಲ. ಈ ಶನಿವಾರ ಹೋಗಿ ಬಂದೆ.

ಮಠದ್ದು ಕಣ್ಣಿಗೆ ಕಾಣುವಂಥದ್ದು ಹೆಚ್ಚೇನೂ ಉಳಿದಿಲ್ಲ. ಅದನ್ನು ಕಟ್ಟಿಸಿದ್ದು ಗ್ರೋಯ್ಚ್‌ನ ವಿಪ್ರೆಷ್ಟ್ ಅನ್ನುವ ಒಡೆಯ, 1096ರಲ್ಲಿ ಪ್ರತಿಷ್ಠೆ ಆಯಿತು, ಅವನು 1124ರಲ್ಲಿ ತೀರಿಕೊಂಡ. ಅವನ ಸಮಾಧಿಯ ಕಲ್ಲಿನ ಶಿಲ್ಪ ಈಗ ಊರಿನ ಸಂತ ಲಾರೆನ್ಸ್ ಚರ್ಚಿನಲ್ಲಿದೆ. ಮಲಗಿರುವ ಮನುಷ್ಯನ ಎತ್ತರದ್ದು. ಬೇರೆ ಯಾರೂ ಇರಲಿಲ್ಲ, ಅದರ ಪಕ್ಕ ಬಹಳ ಹೊತ್ತು ನಿಂತಿದ್ದೆ. ನಾಣ್ಯ ಜೇಬಿನಲ್ಲಿ, ಗಟ್ಟಿ ಡಬ್ಬಿಯೊಳಗೆ ಹತ್ತಿಯ ಮೇಲಿತ್ತು. ತೆಗೆಯಲಿಲ್ಲ, ಬಿದ್ದರೆ ಅಂತ ಭಯ.

ಕೆನೋಮ್‌ನಲ್ಲಿ ಹುಡುಕುತ್ತಿದ್ದೇನೆ. ಕೋಲು ಇರುವ ಎರಡು ಸಿಕ್ಕಿವೆ, ಆದರೆ ಎರಡರಲ್ಲೂ ಒಂದು ಸಂದಿಯ ಗುರುತು ಬೇರೆ. ಇನ್ನೂ ಪೂರ್ತಿ ನೋಡಿಲ್ಲ. ಸಿಕ್ಕಿದ ದಿನ ಇಲ್ಲೇ ಹಾಕುತ್ತೇನೆ.